ತತ್ತಿ ಟ್ರೇಯ ಸೇತುವೆ

ಇವತ್ತು ಬೆಳಗ್ಗೆ ಬಚ್ಚಲ ಮೂಲೆಯ ಬಕೆಟ್ಟಿನ ಮುಚ್ಚಳ ತೆಗೆದೆ. ನೆನೆಹಾಕಿದ್ದ ಮೊಟ್ಟೆ ಟ್ರೇಗಳ ವಾಸನೆ ಮೂಗಿಗೆ ಬಂತು. ನಿಮಗೆ ಈ ವಾಸನೆಯ ಪರಿಚಯ ಇರಲಿಕ್ಕಿಲ್ಲ. ಹಳೇ ಪೇಪರಿನ ಕಟ್ಟು ಮಳೆಗೆ ಸಿಕ್ಕಿ, ಅದರ ಮೇಲೆ ಯಾರೋ ಒದ್ದೆ ಗೋಣಿಚೀಲ ಹೊದಿಸಿ ಮರೆತುಹೋದರೆ ಹೇಗಿರುತ್ತದೋ ಹಾಗೆ. ಒಳ್ಳೆಯ ವಾಸನೆ ಎಂದು ನಾನೂ ಹೇಳಲಾರೆ. ಆದರೆ ಮಲ್ಲಿಗೆ ಮೂಸಿದವರಂತೆ ನಾನು ಬಕೆಟ್ಟಿನ ಮುಂದೆ ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದೆ.

ನಾನಿರುವುದು ದಾವಣಗೆರೆಯ ಒಂದು ಹಳೇ ಮನೆಯ ಮಹಡಿ ಮೇಲೆ, ಬಾಡಿಗೆಗೆ. ಕೆಳಗೆ ಮನೆಯೊಡತಿ ಪಾರ್ವತಕ್ಕ ಇದ್ದಾರೆ. ಲಿಂಗಪೂಜೆ ಮುಗಿಯದೆ ಒಂದು ಗುಟುಕು ನೀರು ಕುಡಿಯದ ಹೆಂಗಸು. ನಮ್ಮ ಮನೆತನವೂ ಅದೇ ಬಗೆಯದು ಎಂಬ ನಂಬಿಕೆಯ ಮೇಲೆ ನನಗೆ ಮನೆ ಕೊಟ್ಟಿದ್ದಾರೆ. ಅಂಥವರ ಕಣ್ಣೆದುರಿಗೆ ನಾನು ಮೊದಲ ಸಲ ಮೊಟ್ಟೆ ಟ್ರೇಗಳನ್ನು ಬಗಲಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಾಗ ಆದದ್ದು ಕೇಳಿ.

"ನೀವು ತತ್ತಿ ತಿಂತೀರೇನ್ರಿ?"

"ಇಲ್ಲಕ್ಕಾ. ಬರೇ ಟ್ರೇ ತಂದೀನಿ."

"ತತ್ತಿ ಬಿಟ್ಟು ಟ್ರೇ ತಿಂತೀರಾ ಮತ್ತ?"

ಕೊನೆಗೆ ಮೇಲೆ ಕರೆದುಕೊಂಡು ಹೋಗಿ ತೋರಿಸಬೇಕಾಯಿತು. ಟ್ರೇಯನ್ನು ನೆನೆಸಿ, ಹಿಂಡಿ, ಲಟ್ಟಣಿಗೆಯಲ್ಲಿ ಒತ್ತಿ ಒಣಗಿಸಿ, ಉಗುರಿನಷ್ಟು ತುಂಡುಗಳಾಗಿ ಹರಿದು, ಒಂದರ ಪಕ್ಕ ಒಂದು ಅಂಟಿಸಿ ಬಣ್ಣ ಹಾಕಿದರೆ ಕಲ್ಲಿನ ಗೋಡೆಯಾಗುತ್ತದೆ. ಗೇಣುದ್ದದ ಕೋಟೆ ಗೋಡೆಯೊಂದು ಮೇಜಿನ ಮೇಲಿತ್ತು. ಪಾರ್ವತಕ್ಕ ಅದನ್ನು ಹಿಂದೆ ಮುಂದೆ ನೋಡಿದರು. "ಚಂದೈತೆ. ಆದ್ರ ಇಷ್ಟು ಸಣ್ಣ ಗ್ವಾಡಿ ಯಾರಿಗೆ ಬೇಕ್ರಿ?" ಎಂದರು. ಗೋಡೆ ಬೇಕಾದದ್ದು ಇಬ್ಬರಿಗೆ ಮಾತ್ರ, ಅದರಲ್ಲಿ ಒಬ್ಬನು ನಾನು.

ನನ್ನ ಕಸುಬನ್ನು ಹೇಳಿಬಿಡುತ್ತೇನೆ. ನಾನು ಹಲ್ಲಿನ ಸೆಟ್ಟು ಕಟ್ಟುವವನು. ನಮ್ಮೂರಲ್ಲಿ ಹಲ್ಲಿನ ಡಾಕ್ಟರರಿಗೆ ಬರಗಾಲವಿಲ್ಲ. ಅವರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಹೊಯ್ದು ಹಲ್ಲು ಕೂಡಿಸುತ್ತೇನೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುವ ಗಾದೆಯಲ್ಲಿ ಎರಡನೆಯ ಪಂಗಡದವರಿಂದ ನನ್ನ ಜೀವನ ನಡೆದಿದೆ. ಈ ಊರಿನ ಎಷ್ಟೋ ಮಂದಿಯ ನಗು ನನ್ನ ಕೈಯಲ್ಲಿ ತಯಾರಾಗಿದೆ. ಅವರಲ್ಲಿ ಒಬ್ಬರೂ ನನ್ನ ಮುಖ ನೋಡಿಲ್ಲ, ನಾನು ಅವರ ಮುಖ ನೋಡಿಲ್ಲ. ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕತೆ ಇದೆ ಎಂದುಕೊಳ್ಳಬೇಡಿ. ಅಮ್ಮ ಇರುವವರೆಗೆ ಅಮ್ಮನ ಜೊತೆ ಇದ್ದೆ. ಆಕೆ ಹೋದ ಮೇಲೆ ಸಂಜೆ ಬೀಗ ತೆಗೆದು ಒಳಗೆ ಹೋಗುವಾಗ ಕೆಮ್ಮುವ ಅಭ್ಯಾಸವಾಯಿತು, ಯಾರೋ ಒಳಗಿದ್ದಾರೆ ಎಂಬಂತೆ.

ಗೋಡೆ ಬೇಕಾದ ಇನ್ನೊಬ್ಬರು ಹರಿಹರದ ನಜೀರ್‌ಸಾಬ್. ನದಿಗೆ ಹೋಗುವ ಓಣಿಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಅಲ್ಲಿಗೆ ನಾನು ಹೋದದ್ದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು. ಒಳಗೆ ಕ್ಯಾಮೆರಾ ಎದುರಿಗೆ ಒಂದು ಕಲ್ಲಿನ ಗೋಡೆ, ಅದರ ನಡುವೆ ಒಂದು ಕಮಾನು. ಹಳೇ ಕಟ್ಟಡವನ್ನೇ ಸ್ಟುಡಿಯೋ ಮಾಡಿದ್ದಾರೆ ಎಂದುಕೊಂಡೆ. ಚಪ್ಪಲಿ ಬಿಚ್ಚಲೆಂದು ಗೋಡೆಗೆ ಕೈ ಕೊಟ್ಟೆ. ಗೋಡೆ ಹಿಂದಕ್ಕೆ ಬಿತ್ತು, ಗೋಡೆಯ ಮೇಲೆ ನಾನು ಬಿದ್ದೆ. ಪೂರಾ ಥರ್ಮಾಕೋಲು.

"ಏನ್ರೀ, ಕಣ್ಣು ಕಾಣಂಗಿಲ್ಲೇನು? ಮೂರು ತಿಂಗಳ ಕೆಲಸ ಅದು!" ಎಂದು ಪರದೆಯ ಹಿಂದಿನಿಂದ ಒಬ್ಬ ತೆಳ್ಳಗಿನ ಮನುಷ್ಯ ಓಡಿ ಬಂದರು.

"ಕಲ್ಲು ಅಂದ್ಕೊಂಡೆ," ಎಂದೆ, ಬಿದ್ದಲ್ಲಿಂದಲೇ.

ಅವರ ಕೋಪ ಅಲ್ಲಿಗೇ ನಿಂತಿತು. "ಖರೇನಾ? ಖರೇನ ಕಲ್ಲು ಅಂದ್ಕೊಂಡ್ರಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಚಹಾ ತರಿಸಿದರು. ಫೋಟೋ ತೆಗೆಯುವುದನ್ನು ಇಬ್ಬರೂ ಮರೆತೆವು.

ಆವತ್ತೇ ನಾನು ಜಾಣತನ ತೋರಿಸಿ, ಥರ್ಮಾಕೋಲಿನ ಅಂಚು ಮೊಂಡು ಬರುತ್ತದೆ, ಹಲ್ಲಿಗೆ ನಾವು ಬಳಸುವ ಗಟ್ಟಿ ಪ್ಲಾಸ್ಟರಿನಲ್ಲಿ ಅಂಚು ಚೂಪಾಗಿ ನಿಲ್ಲುತ್ತದೆ ಎಂದೆ. ಮುಂದಿನ ಭಾನುವಾರ ಒಂದು ಡಬ್ಬಿ ಪ್ಲಾಸ್ಟರ್ ಹಿಡಿದು ಹರಿಹರದ ಬಸ್ಸು ಹತ್ತಿದೆ. ಅಲ್ಲಿಂದ ಎಷ್ಟೋ ವರ್ಷ ಭಾನುವಾರ ಎಂದರೆ ಹರಿಹರ ಎಂದಾಯಿತು. ಫೋಟೋಕ್ಕೆ ಬೇಕಾದ ಆಳೆತ್ತರದ ಗೋಡೆ ಬಿಟ್ಟು, ತತ್ತಿ ಟ್ರೇ, ಪ್ಲಾಸ್ಟರಿನಲ್ಲಿ ಮೇಜಿನ ಮೇಲೆ ಕೂಡುವಂಥ ಸಣ್ಣ ಗೋಡೆ ಕಟ್ಟುವುದೇ ಇಬ್ಬರ ಹುಚ್ಚಾಯಿತು. ನಾನು ಡಾಕ್ಟರಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಅವರು ನನ್ನನ್ನು ಡಾಕ್ಟ್ರೇ ಎಂದೇ ಕರೆದರು.

ಮನುಷ್ಯನಿಗೆ ಬೈಯುವ ಕಾಯಿಲೆ ಇತ್ತು. ಎರಡು ಕಲ್ಲು ಕೂಡುವ ಜೋಡಿನ ಮೇಲೆ ಇನ್ನೊಂದು ಜೋಡು ಬಂದರೆ ಬೈಗುಳ. ಕೆಳಗೆ ಸಣ್ಣ ಕಲ್ಲು, ಮೇಲೆ ದೊಡ್ಡ ಕಲ್ಲು ಇಟ್ಟರೆ ಬೈಗುಳ. ನಾನು ಹಲ್ಲಿನ ಚಾಳಿಯಿಂದ ಎಲ್ಲ ಕಲ್ಲನ್ನೂ ಒಂದೇ ಅಳತೆಗೆ ತಂದುಬಿಡುತ್ತಿದ್ದೆ. "ಡಾಕ್ಟ್ರೇ, ಇದು ಗ್ವಾಡಿನೋ, ಹಲ್ಲಿನ ಸೆಟ್ಟೋ? ಗುಟ್ಕಾ ಹಾಕೋ ಬಾಯಾಗ ಆದ್ರೂ ಒಂದೆರಡು ಹಲ್ಲು ಸೊಟ್ಟ ಇರ್ತಾವಲ್ರಿ!" ಎನ್ನುತ್ತಿದ್ದರು. ಆದರೆ ಸ್ಟುಡಿಯೋಕ್ಕೆ ಬಂದ, ತಮಗೆ ಬೇಡವಾದ ಗಿರಾಕಿಗೆ ಮಾತ್ರ ಬಹಳ ಮರ್ಯಾದೆ ಕೊಡುತ್ತಿದ್ದರು. ಆ ಗಿರಾಕಿ ತಂದ ಯಾವುದೋ ದರಿದ್ರ ಫೋಟೋ ನೋಡಿ, "ಭಾಳ ಚಂದ ಐತ್ರಿ," ಎಂದು ಹಲ್ಲು ಕಿರಿದು ಕಳಿಸಿಬಿಡುತ್ತಿದ್ದರು. ಹಾಗಾಗಿ ಬೈಸಿಕೊಂಡ ದಿನ ನಾನು ಸಮಾಧಾನವಾಗಿ ಊರಿಗೆ ಮರಳುತ್ತಿದ್ದೆ.

ಬಣ್ಣ ಅವರದು. ಮೊದಲು ಪೂರಾ ಗೋಡೆಗೆ ಮಸಿ ಬಳಿದುಬಿಡುತ್ತಿದ್ದರು, ನೋಡಿದರೆ ಎದೆ ಧಸಕ್ಕೆನ್ನಬೇಕು. ಅದರ ಮೇಲೆ ಬೂದು. ಆಮೇಲೆ ಬ್ರಷ್ಷನ್ನು ಬಿಳಿ ಬಣ್ಣಕ್ಕೆ ಅದ್ದಿ, ಹಳೇ ಬನಿಯನ್ನಿಗೆ ಒರೆಸಿ ಒರೆಸಿ, ಇನ್ನೇನು ಬಣ್ಣ ಮುಗಿಯಿತು ಎನ್ನುವಾಗ ಗೋಡೆಯ ಮೇಲೆ ಹಗುರವಾಗಿ ಆಡಿಸುವುದು. ಉಬ್ಬಿದ್ದ ಕಡೆ ಮಾತ್ರ ಬೆಳಕು ಕೂತು ಕಲ್ಲಿಗೆ ವಯಸ್ಸು ಬರುತ್ತಿತ್ತು. ಕೊನೆಗೆ ಒಂದು ಕೈ ಚಹಾದ ಡಿಕಾಕ್ಷನ್ನು, ಮಳೆ ನೀರಿಳಿದ ಕಲೆಗೆ. ಭಾಬಿ, ಅಂದರೆ ಅವರ ಹೆಂಡತಿ, ಚಹಾ ತಂದಿಟ್ಟರೆ ಅದನ್ನು ನಾವು ಕುಡಿಯುತ್ತೇವೋ ಗೋಡೆ ಕುಡಿಯುತ್ತದೋ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಕಮಾನು ನನ್ನದು. ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ ಕವುಚಿ ಹಾಕಿ, ಅದರ ಬೆನ್ನ ಮೇಲೆ ಎರಡೂ ಕಡೆಯಿಂದ ಕಲ್ಲು ಏರಿಸುತ್ತಾ ಬರಬೇಕು. ಪ್ರತಿ ಕಲ್ಲೂ ಕೆಳಗೆ ಸಣ್ಣ, ಮೇಲೆ ಅಗಲ. ನೆತ್ತಿಯಲ್ಲಿ ಒಂದು ಕಲ್ಲಿನಷ್ಟು ಜಾಗ ಉಳಿಯಬೇಕು, ಅಲ್ಲಿಗೆ ಕೊನೆಯ ಕಲ್ಲು. ಆಮೇಲೆ ಕೆಳಗಿನ ಪೈಪು ಎಳೆಯುವುದು. ಆ ಹೊತ್ತಿನಲ್ಲಿ ಮಾತಾಡುವಂತಿಲ್ಲ ಎಂದು ನಜೀರ್‌ಸಾಬರ ಕಾನೂನು. ಕಮಾನು ನಿಂತರೆ ಇಬ್ಬರೂ ಉಸಿರು ಬಿಡುತ್ತಿದ್ದೆವು. ಬಿದ್ದರೆ ತಪ್ಪು ನನ್ನದು.

ಕಲ್ಲು ನೋಡಲು ಊರೂರು ತಿರುಗಿದ್ದೂ ಉಂಟು. ಕುಕ್ಕುವಾಡದಲ್ಲಿ ಕಾಳು ತುಂಬಿಡುವ ಒಂದು ಹಳೇ ಹಗೇವಿನ ಗೋಡೆ, ಸಾರಥಿಯಲ್ಲಿ ಒಂದು ಹಳೇ ಬಾವಿ. ಸಾರಥಿಯ ಬಾವಿಯೊಳಗೆ ನಾವಿಬ್ಬರೂ ಸ್ಕೇಲು ಹಿಡಿದು ಇಳಿದಿದ್ದಾಗ ಹೊಲದ ಗಂಡ ಹೆಂಡತಿ ಬಂದು ಮೇಲಿನಿಂದ ಇಣುಕಿದರು.

"ಯಾವ ಇಲಾಖೆಯವ್ರು? ರೋಡ್ ಏನಾರ ಬರ್ತೈತಾ ಇಲ್ಲಿ?"

"ಯಾವ ಇಲಾಖೆನೂ ಅಲ್ಲರೀ. ಕಲ್ಲು ನೋಡಾಕ ಬಂದೀವಿ," ಎಂದರು ನಜೀರ್‌ಸಾಬ್.

"ಕಲ್ಲು ನೋಡಾಕ?" ಆತ ಹೆಂಡತಿಯ ಕಡೆ ತಿರುಗಿದ. ಆಕೆ ನಮ್ಮನ್ನು ಒಂದು ಗಳಿಗೆ ನೋಡಿ, "ಪಾಪ, ಮಜ್ಜಿಗಿ ಕೊಡ್ರಿ," ಎಂದಳು. ಮಜ್ಜಿಗೆ ಚೆನ್ನಾಗಿತ್ತು.

ನಮ್ಮ ದೊಡ್ಡ ಆಸೆ ಹರಿಹರದ ಹಳೇ ಕಲ್ಲಿನ ಸೇತುವೆ. ತುಂಗಭದ್ರೆಯ ಮೇಲಿನ ಆ ಕಮಾನುಗಳನ್ನು ನೋಡುತ್ತಲೇ ನಜೀರ್‌ಸಾಬ್ ಬೆಳೆದವರು. ಪೂರ್ತಿ ಸೇತುವೆಗೆ ನಮ್ಮ ಆಯುಷ್ಯ ಸಾಲದು, ನಾಲ್ಕು ಕಮಾನು ಸಾಕು ಎಂದು ಒಪ್ಪಂದವಾಯಿತು. ಬೇಸಿಗೆಯಲ್ಲಿ ನೀರಿಳಿದಾಗ ಅವರು ಹೊಳೆಯ ಮರಳಿನಲ್ಲಿ ನಿಂತು ಫೋಟೋ ತೆಗೆದರು. ಒಂದು ಹಲಗೆಯ ಮೇಲೆ ಹೊಳೆಯ ತಳ, ಎರಡು ದಂಡೆ, ಹರಿಹರದ ಕಡೆ ನೀರಿಗಿಳಿಯುವ ಮೆಟ್ಟಿಲು, ಇಷ್ಟನ್ನು ಅವರು ಮಾಡಿ ಮುಗಿಸಿದರು. ಸೇತುವೆ ನನ್ನ ಪಾಲಿಗೆ ಬಂತು.

ಅಷ್ಟರಲ್ಲಿ ಅವರ ಕಣ್ಣು ಹೋಯಿತು. ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಮೊದಲು ಒಂದು ಕಣ್ಣು ಮಂಜಾಯಿತು, ಚಿಕಿತ್ಸೆ ಮಾಡಿಸಿದರು, ಆಮೇಲೆ ಇನ್ನೊಂದು. ಮೊಬೈಲು ಬಂದ ಮೇಲೆ ಸ್ಟುಡಿಯೋ ಹೆಸರಿಗಷ್ಟೇ ಇತ್ತು, ಅದನ್ನೂ ಮುಚ್ಚಿದರು. ಒಂದು ಭಾನುವಾರ ಹೋದಾಗ ಭಾಬಿ ಬಾಗಿಲಲ್ಲೇ ನಿಂತು, "ಅವ್ರು ಮಲಗ್ಯಾರ್ರಿ," ಎಂದರು. ಮುಂದಿನ ವಾರವೂ ಮಲಗಿದ್ದರು. ಅದರ ಮುಂದಿನ ವಾರ ಭಾಬಿಗೆ ಸುಳ್ಳು ಹೇಳಿ ಸಾಕಾಗಿರಬೇಕು. "ಭಯ್ಯಾ, ಕುರುಡನ ಮುಂದ ಕೂತು ಕಲ್ಲು ಹಚ್ಚಿ ಏನ್ ಮಾಡ್ತಾರ, ಬ್ಯಾಡ ಅನ್ನು, ಅಂತಾರ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಲಗೆಯನ್ನು ಹಳೇ ಚಾದರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಒಂಟಿ ಮನುಷ್ಯನಿಗೆ ಸೋಮವಾರದಿಂದ ಶನಿವಾರದವರೆಗೆ ಅಷ್ಟೇನೂ ತೊಂದರೆ ಇಲ್ಲ. ಕೆಲಸ ಇರುತ್ತದೆ. ಭಾನುವಾರವನ್ನು ಎಲ್ಲಿ ಇಡುವುದು? ಬೆಳಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಹರಿಹರದ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ಒಂದು ಪೊಟ್ಟಣ ಮಂಡಕ್ಕಿ ತಿಂದು ಮನೆಗೆ ಬರುತ್ತಿದ್ದೆ. ಆ ದಿನಗಳಲ್ಲಿ ನನ್ನನ್ನು ಬೈಯುವವರು ಪ್ರಪಂಚದಲ್ಲಿ ಯಾರೂ ಇರಲಿಲ್ಲ. ಅದೊಂದು ಸುಖ ಎಂದು ನೀವು ತಿಳಿದಿದ್ದರೆ, ನಿಮ್ಮ ಮನೆಯಲ್ಲಿ ಜನ ತುಂಬಿದ್ದಾರೆ ಎಂದೇ ಅರ್ಥ.

ಮತ್ತೆ ಹೋಗಬೇಕಾದರೆ ಕೈಯಲ್ಲಿ ಏನಾದರೂ ಇರಬೇಕು ಎನಿಸಿತು. ಸೇತುವೆಗೆ ಕೈ ಹಾಕಿದೆ. ಮೊದಲ ಕಮಾನು ಮುಗಿಸಿ, ಬಣ್ಣ ಬಳಿದು, ಕಣ್ಣು ಮುಚ್ಚಿ ಸವರಿ ನೋಡಿದೆ. ನುಣ್ಣಗಿತ್ತು. ಕಾಗದದಂತೆ ಬೆಚ್ಚಗಿತ್ತು. ನಾವು ಅಷ್ಟು ವರ್ಷ ಕಟ್ಟಿದ ಕಲ್ಲೆಲ್ಲ ಕಣ್ಣಿಗೆ ಮಾತ್ರ ಕಲ್ಲು, ಬೆರಳಿಗೆ ಅದು ತತ್ತಿ ಟ್ರೇಯೇ. ಅದನ್ನು ಒಡೆದು ಹಾಕಿದೆ. ಗ್ರಾನೈಟ್ ಕೊಯ್ಯುವವರ ಹತ್ತಿರ ಹೋಗಿ ಕಲ್ಲಿನ ಪುಡಿ ಕೇಳಿ ತಂದೆ. ಕಮಾನಿನ ಕಲ್ಲಿಗೆ ಪ್ಲಾಸ್ಟರಿನ ಜೊತೆ ಪುಡಿ ಕಲಸಿದೆ, ಟ್ರೇಯ ಕಲ್ಲಿಗೆ ಗೋಂದು ಹಚ್ಚಿ ಪುಡಿಯಲ್ಲಿ ಹೊರಳಿಸಿದೆ. ಜೋಡುಗಳನ್ನು ಉಗುರು ಸಿಕ್ಕುವಷ್ಟು ಆಳ ಮಾಡಿದೆ. ನೀರು ತಾಗುವ ಕಡೆ ಕಲ್ಲು ಸವೆದು ಗುಂಡಗಿರಬೇಕು, ಮೇಲೆ ಒರಟು. ಬಣ್ಣ ಹಾಕಲೇ ಇಲ್ಲ. ಕಲ್ಲಿನ ಪುಡಿಯ ಬೂದು ಬಣ್ಣದಲ್ಲೇ ಬಿಟ್ಟೆ. ಪಾರ್ವತಕ್ಕ ಒಮ್ಮೆ ಮೇಲೆ ಬಂದವರು, ನಾನು ಕಣ್ಣು ಮುಚ್ಚಿ ಸೇತುವೆ ಸವರುತ್ತಿದ್ದುದನ್ನು ಕಂಡು ಹಾಗೇ ಇಳಿದುಹೋದರು. ಸಂಜೆ ಒಂದು ಬಟ್ಟಲು ಪಾಯಸ ಕಳಿಸಿದ್ದರು.

ಮುಗಿಸಿ ಹರಿಹರಕ್ಕೆ ಹೊರಟ ದಿನ ಅಮಾವಾಸ್ಯೆ ಎಂಬುದು ನನಗೆ ಬಸ್ಸು ಹತ್ತಿದ ಮೇಲೇ ಗೊತ್ತಾಯಿತು. ಬಸ್ಸಿನ ತುಂಬ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಹೊರಟ ಜನ. ತೊಡೆಯ ಮೇಲೆ ಸೇತುವೆ ಇಟ್ಟುಕೊಂಡು ಕೂತವನನ್ನು ಪಕ್ಕದ ಮುದುಕಿ ಕೇಳಿದಳು.

"ಅಜ್ಜಯ್ಯಗೆ ಹರಕಿಯೇನಪ್ಪಾ? ಏನ್ ಬೇಡ್ಕೊಂಡಿದ್ದಿ?"

ಅಲ್ಲ ಎನ್ನಲು ಬಾಯಿ ಬರಲಿಲ್ಲ. "ಒಬ್ಬ ಗೆಳೆಯ ಮೊದ್ಲಿನಂಗೆ ಮಾತಾಡ್ಲಿ ಅಂತ, ಅಮ್ಮಾ," ಎಂದೆ.

ಆಕೆ ಸೇತುವೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಆಗ್ತೈತೆ ಬಿಡು. ಅಜ್ಜಯ್ಯ ದೊಡ್ಡಾವ," ಎಂದಳು.

ನಜೀರ್‌ಸಾಬ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಗಡ್ಡ ಬೆಳೆದಿತ್ತು. ನನ್ನ ದನಿ ಕೇಳಿ, "ಬರ್ರಿ, ಕೂಡ್ರಿ," ಎಂದರು. ಡಾಕ್ಟ್ರೇ ಎನ್ನಲಿಲ್ಲ. ನಾನು ಸೇತುವೆಯನ್ನು ಅವರ ಮುಂದಿನ ಮೇಜಿನ ಮೇಲಿಟ್ಟು, ಅವರ ಕೈ ಹಿಡಿದು ಅದರ ಮೇಲಿಟ್ಟೆ. ಬೆರಳುಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದವು, ಬೇಗ ಹೋದವು.

"ಭಾಳ ಚಂದ ಐತ್ರಿ. ಭಾಳ ಕಷ್ಟ ಪಟ್ಟೀರಿ," ಎಂದರು.

ಅವರು ಕಣ್ಣು ಕಳೆದುಕೊಂಡಾಗಲೂ ನಾನು ಅತ್ತಿರಲಿಲ್ಲ. ಗಿರಾಕಿಗೆ ಹೇಳುವ ಆ ಮಾತು ಕೇಳಿ ಹೊರಗೆ ಬಂದು, ಹೊಳೆಯ ಕಡೆ ಹೋಗುವ ಓಣಿಯಲ್ಲಿ ನಿಂತು ಅತ್ತೆ. ಸೇತುವೆಯನ್ನು ಅಲ್ಲೇ ಬಿಟ್ಟು ಬಂದೆ. ಇನ್ನು ಹರಿಹರದ ಬಸ್ಸು ನನ್ನದಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ.

ಆ ವಾರವೇ ಒಂದು ಬೆಳಗ್ಗೆ, ಲ್ಯಾಬಿನಲ್ಲಿ ಯಾರದೋ ಕೆಳದವಡೆ ಕೈಯಲ್ಲಿ ಹಿಡಿದಿದ್ದಾಗ ಫೋನು ಬಂತು. ನಮಸ್ಕಾರವಿಲ್ಲ, ಏನಿಲ್ಲ.

"ಡಾಕ್ಟ್ರೇ! ತಲಿ ನೆಟ್ಟಗೈತೇನ್ರಿ ನಿಮ್ದು? ಹೊಳಿ ಹಿಂದಕ್ಕ ಹರೀತೈತಲ್ರೀ!"

ವಿಷಯ ಇಷ್ಟು. ಸೇತುವೆಯ ಪ್ರತಿ ಕಂಬಕ್ಕೂ ಒಂದು ಚೂಪು ಮೂಗು ಇರುತ್ತದೆ, ಬರುವ ಪ್ರವಾಹವನ್ನು ಸೀಳಲು. ಅದು ನೀರು ಬರುವ ದಿಕ್ಕಿಗೆ ಮುಖ ಮಾಡಿರಬೇಕು. ಹರಿಹರದ ದಂಡೆಯಲ್ಲಿ ನಿಂತರೆ ನೀರು ಎಡದಿಂದ ಬಲಕ್ಕೆ ಹೋಗುತ್ತದೆ. ನಾನು ಎಲ್ಲ ಮೂಗುಗಳನ್ನೂ ಬಲಕ್ಕೆ ತಿರುಗಿಸಿ ಕೂಡಿಸಿದ್ದೆ. ಕಸುಬಿನ ಚಾಳಿ, ಏನು ಮಾಡುವುದು? ಎದುರಿಗಿರುವ ಬಾಯಿಯ ಬಲಗಡೆ ನಮ್ಮ ಎಡಕ್ಕಿರುತ್ತದೆ. ಜೀವನವಿಡೀ ಎಡವನ್ನು ಬಲ, ಬಲವನ್ನು ಎಡ ಎಂದೇ ಓದಿದವನು ಅವರ ಫೋಟೋವನ್ನೂ ಹಾಗೆಯೇ ಓದಿದ್ದೆ.

"ಕಣ್ಣಿದ್ದೋರು ಮಾಡೋ ಕೆಲಸ ಏನ್ರಿ ಇದು? ಮಳಿಗಾಲದಾಗ ಒಂದು ನೀರು ಬಂದ್ರ ನಿಮ್ಮ ಸೇತುವಿಗೆ ದೇವರೇ ಗತಿ!"

"ಅವತ್ತು ಚಂದ ಐತೆ ಅಂದ್ರಲ್ಲ?" ಎಂದೆ.

ಆ ಕಡೆ ದನಿ ಇಳಿಯಿತು. "ಅವತ್ತು ನಾನು ನೋಡಿರಲಿಲ್ಲ," ಎಂದರು. ಆಮೇಲೆ ಮತ್ತೆ ದನಿ ಏರಿಸಿ, "ಭಾನುವಾರ ಬರ್ರಿ. ಬಿಚ್ಚೋಣ," ಎಂದು ಫೋನಿಟ್ಟರು. ಹಗಲೆಲ್ಲ ಅದರ ಮೇಲೆ ಕೈಯಾಡಿಸುತ್ತಲೇ ಇರುತ್ತಾರೆ, ಊಟಕ್ಕೆ ಕರೆದರೂ ಏಳುವುದಿಲ್ಲ ಎಂದು ಭಾಬಿ ನನಗೆ ಹೇಳಿದ್ದು ಆ ಭಾನುವಾರ.

ಸುಮ್ಮನೆ ತಿರುಗಿಸಿಡಲು ಬರುವುದಿಲ್ಲ. ಒಂದು ದಂಡೆ ಎತ್ತರ, ಒಂದು ತಗ್ಗು. ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಬೇಕು. ಬಿಸಿನೀರಿಗೆ ಹಾಕಿದರೆ ಗೋಂದು ಬಿಡುತ್ತದೆ. ಕಮಾನಿನ ಪ್ಲಾಸ್ಟರ್ ಕಲ್ಲುಗಳು ಉಳಿದುಕೊಳ್ಳುತ್ತವೆ, ಟ್ರೇಯ ಕಲ್ಲುಗಳು ಕರಗಿ ಗಂಜಿಯಾಗುತ್ತವೆ. ಅದಕ್ಕೇ ನಾನು ಮತ್ತೆ ಟ್ರೇ ಹೊತ್ತು ಮೆಟ್ಟಿಲು ಹತ್ತುತ್ತಿರುವುದು. ಪಾರ್ವತಕ್ಕ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಈ ತಿಂಗಳು ತಾವೇ ಅಂಗಡಿಯವನಿಗೆ ಹೇಳಿ ಖಾಲಿ ಟ್ರೇ ತರಿಸಿಟ್ಟಿದ್ದರು, ಕೋಲಿನಿಂದ ನನ್ನ ಕಡೆ ತಳ್ಳಿದರು ಅನ್ನಿ.

ಭಾನುವಾರ ಈಗ ಹೀಗೆ ನಡೆಯುತ್ತದೆ. ಅವರು ತಟ್ಟೆಯಲ್ಲಿನ ಕಲ್ಲುಗಳನ್ನು ಬೆರಳಲ್ಲಿ ಆರಿಸಿ ಕೊಡುತ್ತಾರೆ, ನಾನು ಹಚ್ಚುತ್ತೇನೆ, ಅವರು ಸವರಿ ಬೈಯುತ್ತಾರೆ. ಅವರ ಕಣ್ಣು ಬರುವುದಿಲ್ಲ. ಕಾಲಿನ ಸ್ಪರ್ಶವೂ ಕಡಿಮೆಯಾಗಿದೆ, ಮುಂದೆ ಬೆರಳಿಗೂ ಬರಬಹುದೆಂದು ಡಾಕ್ಟರು ಹೇಳಿದ್ದಾರಂತೆ. ನಾವು ಅದರ ಮಾತಾಡುವುದಿಲ್ಲ. ಸಂಜೆ ದಾವಣಗೆರೆಗೆ ಬಂದು ಬೀಗ ತೆಗೆಯುವಾಗ ನಾನು ಈಗಲೂ ಕೆಮ್ಮುತ್ತೇನೆ.

ಹೋದ ಭಾನುವಾರ ನಾಲ್ಕನೆಯ ಕಮಾನು ನೆತ್ತಿಗೆ ಬಂದಿತ್ತು. ಅದೇ ಕಡೆಯದು. ನೆತ್ತಿಯ ಕಲ್ಲೊಂದು ಕೂಡಿಸಿದರೆ ಸೇತುವೆ ಮುಗಿದಂತೆ. ಗೋಂದು ಇನ್ನೂ ಹಸಿಯಿತ್ತು. ನಾನು ಆ ಕೊನೆಯ ಕಲ್ಲನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ನಜೀರ್‌ಸಾಬ್ ಕಮಾನಿನ ಒಂದೊಂದು ಕಲ್ಲನ್ನೂ ನಿಧಾನವಾಗಿ ಮುಟ್ಟುತ್ತಾ ಹೋದರು. ಹೋದ ಬೆರಳು ಹಿಂದಕ್ಕೆ ಬಂತು. ನಡುವಿನಿಂದ ಒಂದು ಕಲ್ಲನ್ನು ಕಿತ್ತರು.

"ಇದು ಸರಿ ಕೂತಿಲ್ಲ," ಎಂದರು.

ನನಗೆ ಕಣ್ಣಿದೆ. ಗೆರೆ ಎಳೆದ ಹಾಗೆ ಕೂತಿದ್ದ ಕಲ್ಲು ಅದು. ಅವರ ಮುಖ ನೋಡಿದೆ, ಅದು ಕಿಟಕಿಯ ಕಡೆ ತಿರುಗಿತ್ತು.

"ಹೌದ್ರಿ, ಸರಿ ಕೂತಿಲ್ಲ," ಎಂದು, ಅದರ ಅಕ್ಕಪಕ್ಕದ ಎರಡನ್ನು ನಾನೇ ಕಿತ್ತೆ.